ಆಷಾಢದಿಂದ ಆಯುಧಪೂಜೆವರೆಗೆ ಒಂದೇ ಡಿಸ್ಕ್

ನಮ್ಮ ಮನೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟದ್ದು ಆಷಾಢದಲ್ಲಿ. ಬೇರೆ ಯಾವ ತಿಂಗಳಲ್ಲಿ ಕೆಟ್ಟಿದ್ದರೂ ಒಂದು ವಾರದಲ್ಲಿ ರಿಪೇರಿಯಾಗಿ ನಾನು ಇದನ್ನೆಲ್ಲ ಮರೆತೇಬಿಡುತ್ತಿದ್ದೆ. ಆಷಾಢದಲ್ಲಿ ನಮ್ಮ ಮನೆಗೆ ಹೊಸ ಸಾಮಾನು ಬರುವಂತಿಲ್ಲ, ಒಂದು ಚಮಚ ಕೂಡ. ಇದು ನನ್ನ ಅತ್ತೆಯ ಕಾನೂನು. ಅವರ ಮಗ, ಅಂದರೆ ನನ್ನ ಗಂಡ, ಬ್ಯಾಂಕಿನಲ್ಲಿ ದಿನವಿಡೀ ಬೇರೆಯವರಿಗೆ ರೂಲ್ಸ್ ಹೇಳಿ ಬರುವ ಮನುಷ್ಯ. ಮನೆಗೆ ಬಂದ ಮೇಲೆ ಇನ್ನೊಬ್ಬರ ರೂಲ್ಸ್ ಕೇಳಿಕೊಂಡು ಕೂರುವುದು ಅವರಿಗೆ ಒಂಥರಾ ವಿಶ್ರಾಂತಿ.

ಒಂದು ಬೆಳಿಗ್ಗೆ ಸ್ವಿಚ್ ಒತ್ತಿದೆ. ಕಪ್ಪು ಪರದೆಯ ಮೇಲೆ ಡಿಸ್ಕ್ ಸಿಗುತ್ತಿಲ್ಲ ಎಂಬ ಅರ್ಥದ ಒಂದು ಸಾಲು ಇಂಗ್ಲಿಷ್ ಬಂತು. ಪೆಟ್ಟಿಗೆಯೊಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಲಕ್ ನಗರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಪಕ್ಕದ ತಗಡು ಬಿಚ್ಚಿ, ಕಿವಿಯಿಟ್ಟು ಕೇಳಿ, ತಲೆ ಆಡಿಸಿದರು.

“ಡಿಸ್ಕ್ ಹೋಗ್ಬಿಟ್ಟಿದೆ ಮೇಡಂ. ಒಳಗಿದ್ದಿದ್ದು ಯಾವ್ದೂ ವಾಪಸ್ ಬರಲ್ಲ. ಹೊಸ ಡಿಸ್ಕ್ ಹಾಕ್ಸಿ, ಇಲ್ಲ ಹೊಸ ಸಿಸ್ಟಮ್ಮೇ ತಗೊಳ್ಳಿ.”

ಕೆಟ್ಟ ಡಿಸ್ಕನ್ನು ತೆಗೆದು ನನ್ನ ಕೈಗೇ ಕೊಟ್ಟರು. ಒಳಗೆ ಖಾಲಿಯಾದ ಪೆಟ್ಟಿಗೆಯನ್ನು ಮತ್ತೆ ಆಟೋದಲ್ಲಿ ತಂದೆ.

ಸಂಜೆ ಗಂಡನಿಗೆ ಹೇಳಿದೆ. “ಈ ಹಳೇ ಡಬ್ಬಕ್ಕೆ ಹೊಸ ಡಿಸ್ಕ್ ಹಾಕ್ಸೋದು ದಂಡ. ಹೊಸ ಕಂಪ್ಯೂಟರೇ ತಗೊಳ್ಳೋಣ,” ಅಂದರು. ನನಗೆ ಖುಷಿಯಾಯಿತು. “ಯಾವಾಗ?” ಅಂದೆ. “ಆಷಾಢ ಕಳೀಲಿ.”

ಆಷಾಢ ಕಳೆಯಿತು. ಶ್ರಾವಣದಲ್ಲಿ ಹಬ್ಬಗಳ ಸಾಲು, ಮನೆಗೆ ಸುಣ್ಣ ಬಣ್ಣ. “ಗಣೇಶನ ಹಬ್ಬ ಆಗ್ಲಿ,” ಅಂದರು. ಗಣೇಶ ಯಡಿಯೂರು ಕೆರೆಯ ಪಕ್ಕದ ಕಲ್ಯಾಣಿಯಲ್ಲಿ ಮುಳುಗಿದ. ಅಷ್ಟರಲ್ಲಿ ಪಿತೃಪಕ್ಷ ಬಂತು. ಪಿತೃಪಕ್ಷದಲ್ಲಿ ಹೊಸ ವಸ್ತು ತರುವ ಮಾತನ್ನು ನಮ್ಮ ಅತ್ತೆಯ ಮುಂದೆ ಆಡಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ. “ನವರಾತ್ರಿ ಬರ್ಲಿ, ನೋಡೋಣ,” ಅಂದರು ಗಂಡ. ಪಂಚಾಂಗವನ್ನು ಇಷ್ಟು ಚೆನ್ನಾಗಿ ಬಳಸಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಕಂಪ್ಯೂಟರ್ ಯಾಕೆ ಬೇಕಿತ್ತು ಅನ್ನುವುದನ್ನು ಹೇಳಬೇಕು. ನಾನು ಕನ್ನಡ ಕಲಿಸುತ್ತೇನೆ. ಮದುವೆಗೆ ಮುಂಚೆ ಒಂದು ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಆಮೇಲೆ ಮಗಳು, ಮನೆ, ಮಾವನವರ ಕಾಯಿಲೆ. ಮಗಳು ಓದಲು ಹಾಸ್ಟೆಲಿಗೆ ಹೋದ ವರ್ಷ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಉತ್ತರದ ಕಡೆಯ ಹುಡುಗಿ, “ಆಂಟಿ, ನನಗೆ ಕನ್ನಡ ಕಲಿಸ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಂದ ಅವಳ ಆಫೀಸಿನವರು, ಅವರಿಂದ ಬಿಟಿಎಂ ಲೇಔಟಿನ ಪೀಜಿಗಳಲ್ಲಿ ಇರುವವರು. ಎಲ್ಲ ಕಂಪ್ಯೂಟರಿನಲ್ಲೇ, ಬೆಳಿಗ್ಗೆ ಅವರು ಆಫೀಸಿಗೆ ಹೊರಡುವ ಮುಂಚೆ. ಅರ್ಧ ಜನ ಹಾಸಿಗೆಯಿಂದ ಎದ್ದು ನೇರ ನನ್ನ ಕ್ಲಾಸಿಗೆ ಬರುತ್ತಿದ್ದರು. ನಾನು ಮಾತ್ರ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂರುತ್ತಿದ್ದೆ.

ಕಲಿಯುವವರ ಕಷ್ಟ ಬೇರೆ ಥರದ್ದು. “ಮೇಡಂ, ನಾನು ಮನೆ ಓನರ್ ಹತ್ರ ಕನ್ನಡದಲ್ಲಿ ಮಾತಾಡಿದೆ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ರು,” ಎಂದು ಒಬ್ಬ ಬೇಜಾರಿನಿಂದ ಹೇಳಿದ್ದ. ಜಯನಗರದ ಓನರುಗಳು ಹಾಗೇ, ಬೇಜಾರ್ ಮಾಡ್ಕೋಬೇಡ, ತರಕಾರಿ ಅಂಗಡಿಯಲ್ಲಿ ಶುರು ಮಾಡು ಅಂದೆ.

ಇದು ನನಗೆ ಕೆಲಸ. ಸಂಪಾದನೆ ಹೆಚ್ಚಿಲ್ಲ, ಆದರೆ ಬೆಳಿಗ್ಗೆ ಎದ್ದರೆ ನನಗಾಗಿ ಕಾದಿರುವ ಜನ ಇರುತ್ತಿದ್ದರು. ಮನೆಯಲ್ಲಿ ಮಾತ್ರ ಇದಕ್ಕೆ ಒಂದು ಹೆಸರೂ ಇರಲಿಲ್ಲ. ಗಂಡ ಇದನ್ನು “ನಿನ್ನ ಹವ್ಯಾಸ” ಅನ್ನುತ್ತಿದ್ದರು. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಪಕ್ಕದ ಮನೆಯವರು ಬಂದು ನನ್ನನ್ನು ಕೇಳಿದರೆ, ಬಾಗಿಲಲ್ಲೇ ನಿಂತು ನನಗೂ ನನ್ನ ವಿದ್ಯಾರ್ಥಿಗಳಿಗೂ ಕೇಳುವ ಹಾಗೆ, “ಒಳಗಿದಾಳೆ. ಯಾರ್ ಜೊತೆನೋ ಮಾತಾಡ್ತಾ ಕೂತಿದಾಳೆ,” ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹಾಗಾಗಿ ಹಾರ್ಡ್ ಡಿಸ್ಕ್ ಹೋದಾಗ ಮನೆಯಲ್ಲಿ ಯಾರಿಗೂ ಅವಸರವಾಗಲಿಲ್ಲ. ಮಾತಾಡುತ್ತಾ ಕೂರುವವಳು ಆಷಾಢ ಕಳೆಯುವವರೆಗೆ ಸುಮ್ಮನೆ ಕೂರಬಹುದು ಅನ್ನುವ ಲೆಕ್ಕ.

ಅಷ್ಟು ಸುಲಭಕ್ಕೆ ಕೂರುವವಳು ನಾನಲ್ಲ.

ನನ್ನ ತಂಗಿ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಫೋನಿನಲ್ಲಿ ಅವಳ ಮುಂದೆ ಗೋಳಾಡಿದೆ. ಭಾನುವಾರ ಬಂದಳು, ವ್ಯಾನಿಟಿ ಬ್ಯಾಗಿನಿಂದ ಒಂದು ಡಿವಿಡಿ ತೆಗೆದಳು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ “ಲ್ಯಾಬ್” ಎಂದು ಗೀಚಿತ್ತು.

“ಇದ್ರಲ್ಲಿ ಲಿನಕ್ಸ್ ಇದೆ ಅಕ್ಕ, ವಿಂಡೋಸ್ ಬದಲಿಗೆ. ಹಾರ್ಡ್ ಡಿಸ್ಕ್ ಇಲ್ದೇನೇ ನಡಿಯತ್ತೆ. ಈ ಡಿವಿಡಿಯಿಂದ ಓದ್ಕೊಂಡು ಹಾಗೇ ಮೆಮೊರಿಲಿ ಓಡತ್ತೆ. ನಮ್ ಲ್ಯಾಬಲ್ಲಿ ಕೆಟ್ಟೋದ ಮಿಷನ್‌ಗೆಲ್ಲ ಇದೇ ಹಾಕೋದು.”

“ಡಬ್ಬದೊಳಗೆ ಏನೂ ಇಲ್ಲದೇನಾ?”

“ಏನೂ ಬೇಡ. ಆದ್ರೆ ಒಂದು ತಿಳ್ಕೋ. ಆಫ್ ಮಾಡಿದ್ರೆ ಎಲ್ಲಾ ಮರ್ತೋಗತ್ತೆ. ನೀನು ಮಾಡಿದ್ದು, ಬರೆದಿದ್ದು, ಹಾಕಿದ್ದ ಪಾಸ್‌ವರ್ಡು, ಒಂದೂ ಇರಲ್ಲ. ಪಾಠ ಏನಿದ್ರೂ ಪೆನ್ ಡ್ರೈವಲ್ಲಿ ಇಟ್ಕೋ.”

ಪೆನ್ ಡ್ರೈವಿನಿಂದಲೇ ಸಿಸ್ಟಮ್ ಓಡಿಸಬಹುದೇ ಎಂದು ಅವಳೇ ನೋಡಿದಳು. ನಮ್ಮ ಡಬ್ಬ ಒಪ್ಪಲಿಲ್ಲ. ಅದಕ್ಕೆ ಡಿಸ್ಕೇ ಬೇಕು. ಡಿವಿಡಿ ಇಟ್ಟ ಟ್ರೇ ಒಳಗೆ ಹೋಯಿತು, ಡ್ರೈವ್ ಮಿಕ್ಸಿಯ ಹಾಗೆ ಗರ್ ಅಂತು. ಬಹಳ ಹೊತ್ತಾದ ಮೇಲೆ ಬಣ್ಣದ ಪರದೆಯೊಂದು ಬಂತು. ಇನ್‌ಸ್ಟಾಲ್ ಮಾಡುತ್ತೀರೋ, ಸುಮ್ಮನೆ ನಡೆಸಿ ನೋಡುತ್ತೀರೋ ಎಂದು ಕೇಳಿತು. “ಯಾವಾಗ್ಲೂ ಎರಡನೇದು ಒತ್ತು,” ಅಂದಳು ತಂಗಿ. ಆಷಾಢದಿಂದ ನವರಾತ್ರಿವರೆಗೆ ದಿನಾ ಬೆಳಿಗ್ಗೆ ನಾನು ಒತ್ತಿದ್ದು ಎರಡನೆಯದನ್ನೇ.

ಅದೊಂದು ನಿತ್ಯಕರ್ಮವಾಯಿತು. ಎದ್ದು ಮೊದಲು ಡಿಸ್ಕ್ ಹಾಕಿ ಸ್ವಿಚ್ ಒತ್ತುವುದು, ಆಮೇಲೆ ಫಿಲ್ಟರಿಗೆ ಕಾಫಿಪುಡಿ ಹಾಕುವುದು. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಕಂಪ್ಯೂಟರ್ ಎದ್ದಿರುತ್ತಿತ್ತು. ಎದ್ದ ಮೇಲೆ ಅದಕ್ಕೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿರುತ್ತಿರಲಿಲ್ಲ. ಗಡಿಯಾರ ಇಂಗ್ಲೆಂಡಿನ ಮಧ್ಯರಾತ್ರಿ ತೋರಿಸುತ್ತಿತ್ತು. ನೀನು ಇರುವುದು ಇಂಡಿಯಾದಲ್ಲಪ್ಪ ಎಂದು ಹೇಳಬೇಕು. ವೈಫೈ ಪಾಸ್‌ವರ್ಡ್ ಹೊಡೆಯಬೇಕು. ಕನ್ನಡದ ಕೀಬೋರ್ಡ್ ಹುಡುಕಿ ಸೇರಿಸಬೇಕು. ಕ್ಲಾಸಿನ ಸೈಟಿಗೆ ಹೋದರೆ ಅದು ಯಾರು ನೀವು ಎಂದು ಕೇಳಿ ಫೋನಿಗೆ ಒಟಿಪಿ ಕಳಿಸುತ್ತಿತ್ತು. ಆಮೇಲೆ ಪೆನ್ ಡ್ರೈವ್ ಚುಚ್ಚಿ ಅವತ್ತಿನ ಪಾಠ ತೆಗೆಯುವುದು. ಇಷ್ಟಾದ ಮೇಲೆ ಕಾಫಿ.

ಮೊದಲ ವಾರ ಎಡವಿದೆ. ಕ್ರಿಯಾಪದಗಳ ಒಂದು ಪಾಠವನ್ನು ಇಡೀ ಮಧ್ಯಾಹ್ನ ಕೂತು ಮಾಡಿ, ಹಳೆಯ ಅಭ್ಯಾಸದಂತೆ ಡೆಸ್ಕ್‌ಟಾಪಿನ ಮೇಲೆ ಉಳಿಸಿ, ನೆಮ್ಮದಿಯಾಗಿ ಆಫ್ ಮಾಡಿದೆ. ಬೆಳಿಗ್ಗೆ ನೋಡಿದರೆ ಡೆಸ್ಕ್‌ಟಾಪ್ ತೊಳೆದಿಟ್ಟ ಹಾಗಿತ್ತು. ಇನ್ನೊಂದು ಸಲ ಕ್ಲಾಸಿನ ಮಧ್ಯೆ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಇಂಗ್ಲೆಂಡಿನಿಂದ ಶುರು. ಅಷ್ಟರಲ್ಲಿ ವಿದ್ಯಾರ್ಥಿಗಳೆಲ್ಲ ಸ್ನಾನಕ್ಕೆ ಹೋಗಿದ್ದರು.

ಆದರೆ ನಿಜ ಹೇಳುತ್ತೇನೆ, ನನಗೆ ಇದು ಹಿಡಿಸತೊಡಗಿತು. ಹಳೆಯ ಹಾರ್ಡ್ ಡಿಸ್ಕ್ ಇದ್ದಾಗ ಕಂಪ್ಯೂಟರಿಗೆ ಸದಾ ಏನಾದರೊಂದು ರಗಳೆ. ಅಪ್‌ಡೇಟ್ ಅನ್ನುತ್ತಿತ್ತು, ಜಾಗ ಸಾಲದು ಅನ್ನುತ್ತಿತ್ತು, ವೈರಸ್ ಎಂದು ಹೆದರಿಸುತ್ತಿತ್ತು. ಇದಕ್ಕೆ ನಿನ್ನೆಯ ಕೊಳೆ ಇರಲಿಲ್ಲ. ಏನು ಎಡವಟ್ಟು ಮಾಡಿದರೂ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ಸೊಸೆಯ ಹಾಗೆ ಮುಗುಳ್ನಕ್ಕು ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಹಾರ್ಡ್ ಡಿಸ್ಕ್ ಅಂತ ಇದ್ದರೆ ಅದು ನಮ್ಮ ಅತ್ತೆ. ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೆ ಕೊಟ್ಟ ಕಾಫಿ ಆರಿತ್ತು ಅನ್ನುವುದರಿಂದ ಹಿಡಿದು, ಯಾವ ಗೌರಿ ಹಬ್ಬಕ್ಕೆ ನಮ್ಮ ಅಮ್ಮ ಯಾವ ಬಣ್ಣದ ಸೀರೆ ಕೊಟ್ಟರು, ಅದರ ಅಂಚು ಎಷ್ಟು ಸಣ್ಣದಿತ್ತು ಅನ್ನುವವರೆಗೆ ಒಂದೂ ಅಳಿಸಿಹೋಗಿಲ್ಲ. ಕೇಳದೆಯೇ ತೆರೆದುಕೊಳ್ಳುತ್ತದೆ ಬೇರೆ. ಅಂಥ ಮನೆಯಲ್ಲಿ ಒಂದಾದರೂ ಎಲ್ಲವನ್ನೂ ಮರೆಯುವ ವಸ್ತು ಇದ್ದದ್ದು ನನಗೆ ಸಮಾಧಾನವೇ ಆಗಿತ್ತು.

ಈ ಸಿಸ್ಟಮ್ ಆಫ್ ಆಗುವಾಗ ತಾನೇ ಟ್ರೇ ಹೊರಗೆ ತಳ್ಳಿ, ಡಿಸ್ಕ್ ತೆಗೆದುಕೋ ಅನ್ನುತ್ತದೆ. ಹಾಲಿನಲ್ಲಿ ಹೂ ಕಟ್ಟುತ್ತಾ ಕೂತ ಅತ್ತೆಗೆ ಇದು ತಮಾಷೆ. “ನಾಲಿಗೆ ಚಾಚ್ತು ನೋಡು ನಿನ್ನ ಮಿಷನ್ನು,” ಅನ್ನುತ್ತಿದ್ದರು. ನಾನು ಡಿಸ್ಕನ್ನು ಅಂಚು ಹಿಡಿದು ತೆಗೆದು, ಕಾಗದದ ಕವರಿಗೆ ಹಾಕಿ, ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ಒಂದು ದಿನ ಕೇಳಿದರು.

“ಅದೇನೇ ಅದು, ದಿನಾ ಬಂಗಾರದ ಹಾಗೆ ಎತ್ತಿಡ್ತೀಯಾ?”

“ಈ ತಟ್ಟೆ ಇದ್ರೇನೇ ಅತ್ತೆ ನನ್ನ ಕ್ಲಾಸು. ಆ ಡಬ್ಬದೊಳಗೆ ಏನೂ ಇಲ್ಲ. ಎಲ್ಲಾ ಇದ್ರಲ್ಲೇ ಇರೋದು.”

“ಇಷ್ಟ್ ತೆಳ್ಳಗಿರೋದ್ರಲ್ಲಾ?” ಅಂದರು. ಹೂ ಕಟ್ಟುವುದನ್ನು ಮುಂದುವರಿಸಿದರು.

ನವರಾತ್ರಿ ಹತ್ತಿರ ಬರುವ ಹೊತ್ತಿಗೆ ನನ್ನ ಕ್ಲಾಸು ಸೊರಗಿತ್ತು. ಹಳೆಯ ಬ್ಯಾಚಿನವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಅರ್ಧಕ್ಕೆ ನಿಲ್ಲಿಸಿದ್ದರು. ಉಳಿದದ್ದು ಇಬ್ಬರು. ಅವರೂ ಹೆಚ್ಚಾಗಿ ನನ್ನ ಮೇಲಿನ ಮುಲಾಜಿಗೆ ಬರುತ್ತಿದ್ದರು. ಹೊಸ ಬ್ಯಾಚ್ ಕೂಡದಿದ್ದರೆ ಮುಗಿಯಿತು, ಮತ್ತೆ ನಾನು ಪೂರ್ತಿ “ಒಳಗಿದಾಳೆ”. ಗಂಡನಿಗೂ ಹೊಸ ಕಂಪ್ಯೂಟರ್ ತರದಿರಲು ಒಳ್ಳೆಯ ಕಾರಣ ಸಿಗುತ್ತಿತ್ತು. ನಾನು ಬಿಡಲಿಲ್ಲ. ಮಹಡಿಯ ಹುಡುಗಿಯ ಕೈಲಿ ಅವಳ ಗುಂಪುಗಳಿಗೆಲ್ಲ ಮೆಸೇಜ್ ಹಾಕಿಸಿದೆ. ಬನಶಂಕರಿಯಿಂದ, ಬಿಟಿಎಮ್ಮಿನಿಂದ, ಬೇಗೂರಿನ ಕಡೆಯ ಹೊಸ ಅಪಾರ್ಟ್‌ಮೆಂಟುಗಳಿಂದ ಕೇಳಿಕೊಂಡು ಬಂದರು. ಒಂದು ಒಳ್ಳೆಯ ಬ್ಯಾಚೇ ಆಯಿತು. ಮೊದಲ ಕ್ಲಾಸು ಉಚಿತ, ಇಷ್ಟವಾದರೆ ಮುಂದುವರಿಯಿರಿ ಅಂದಿದ್ದೆ. ದಿನ ವಿಜಯದಶಮಿ. ಅಕ್ಷರ ಶುರು ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ, ಅವರಿಗೂ ರಜ. ಆ ಒಂದು ಬೆಳಿಗ್ಗೆಯ ಕ್ಲಾಸು ಚೆನ್ನಾಗಿ ಹೋಗಬೇಕಿತ್ತು, ಅಷ್ಟೇ. ಸ್ವರಗಳಿಗೆ ಒಂದೊಂದು ಚಿತ್ರ ಹಾಕಿ, ಬಣ್ಣ ಬಣ್ಣದ ಪಾಠ ಮಾಡಿ ಪೆನ್ ಡ್ರೈವಿನಲ್ಲಿ ಇಟ್ಟೆ. ಎರಡೆರಡು ಸಲ ತೆಗೆದು ನೋಡಿದೆ.

ಹಿಂದಿನ ದಿನ ಆಯುಧಪೂಜೆ. ಅವತ್ತು ಯಾವ ಉಪಕರಣವನ್ನೂ ಮುಟ್ಟಿ ಕೆಲಸ ಮಾಡುವಂತಿಲ್ಲ, ಎಲ್ಲಕ್ಕೂ ರಜ. ಗಂಡ ಬೆಳಿಗ್ಗೆಯೇ ಕಾರು, ಸ್ಕೂಟರ್ ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಗೇಟಿನ ಮುಂದೆ ಬೂದುಗುಂಬಳ ಒಡೆದರು. ಆಮೇಲೆ ಒಳಗೆ ಬಂದು ಟಿವಿಗೆ, ಫ್ರಿಜ್ಜಿಗೆ, ವಾಷಿಂಗ್ ಮಿಷನ್ನಿಗೆ, ಕಂಪ್ಯೂಟರಿನ ಡಬ್ಬಕ್ಕೆ ಗಂಧ ಕುಂಕುಮ ಹಚ್ಚಿ ಒಂದೊಂದು ಸೇವಂತಿಗೆ ಸಿಕ್ಕಿಸುತ್ತಾ ಹೋದರು. ಮಾಲೀಕರು ತಪಾಸಣೆಗೆ ಹೊರಟ ಹಾಗಿತ್ತು. ನಾನು ಅಡುಗೆಮನೆಯಲ್ಲಿ ಆಂಬೊಡೆ ಕರಿಯುತ್ತಿದ್ದೆ.

ಮಂಗಳಾರತಿಗೆ ಕರೆದರು. ಕೈ ಒರೆಸಿಕೊಂಡು ದೇವರ ಕೋಣೆಗೆ ಹೋದೆ. ಕೆಂಪು ವಸ್ತ್ರ ಹಾಸಿದ ಮಣೆಯ ಮೇಲೆ ಪ್ರತಿವರ್ಷದ ಹಾಗೆ ಈಳಿಗೆಮಣೆ, ಕತ್ತರಿ, ಸುತ್ತಿಗೆ, ಸ್ಕ್ರೂಡ್ರೈವರ್, ಗಂಡನ ಪೆನ್ನು, ಗಾಡಿಗಳ ಕೀ. ಅವುಗಳ ಪಕ್ಕ ನನ್ನ ಡಿಸ್ಕ್.

ಮಗುಚಿ ಇಟ್ಟಿದ್ದರು. ಅಂದರೆ ಹೊಳೆಯುವ ಮೈ ಮೇಲಕ್ಕೆ. ಆಮೇಲೆ ಯೋಚಿಸಿದರೆ ನನಗೆ ಅರ್ಥವಾಯಿತು. ಒಂದು ಕಡೆ ಮಾರ್ಕರಿನ ಗೀಚು, ಇನ್ನೊಂದು ಕಡೆ ಮುಖ ಕಾಣುವಷ್ಟು ಹೊಳಪು. ಯಾರಾದರೂ ಹೊಳಪಿನ ಕಡೆಯೇ ಮುಖ ಅಂದುಕೊಳ್ಳುತ್ತಾರೆ. ಕಂಪ್ಯೂಟರ್ ಓದುವುದೂ ಆ ಹೊಳಪಿನ ಕಡೆಯನ್ನೇ. ಆ ಹೊಳಪಿನ ತುಂಬ ಗಂಧ ತೇದು ಬಳಿದಿತ್ತು, ಮೂರು ಬೆರಳಿನಲ್ಲಿ, ಅಂಚಿನಿಂದ ಅಂಚಿಗೆ. ಮಧ್ಯದ ತೂತಿನ ಸುತ್ತ ಅರಿಸಿನ, ಕುಂಕುಮ. ಮೇಲೆ ಅಕ್ಷತೆ, ಒಂದು ಕೆಂಪು ದಾಸವಾಳ.

ನಾನು ಬಾಯಿ ತೆರೆದೆ. ಗಂಡ ಗಂಟೆ ಬಾರಿಸಲು ಶುರು ಮಾಡಿದರು. ಅತ್ತೆ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಗಂಟೆ ನಿಲ್ಲುವವರೆಗೆ ಉರಿಯುತ್ತಾ ನಿಂತೆ. ನಿಂತದ್ದೇ, “ಅತ್ತೆ, ಇದನ್ನ ತೆಗೀಬೇಕು, ಈಗ್ಲೇ ತೊಳೀಬೇಕು,” ಅಂದೆ.

“ಈಗ ಮುಟ್ಟೋ ಹಾಗಿಲ್ಲ ಕಣೆ. ನಾಳೆ ಕದಲಿಸಿದ ಮೇಲೆ ತಗೋ.”

ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಿಗ್ಗೆ ಇನ್ನೊಂದು ಸಣ್ಣ ಪೂಜೆ ಮಾಡಿ, ಸ್ವಲ್ಪ ಸರಿಸಿ, ಆಮೇಲೆಯೇ ತೆಗೆಯುವುದು. ಅದು ನನಗೂ ಗೊತ್ತು. ಗೊತ್ತಿದ್ದೂ ಕೈ ಚಾಚಿದೆ. “ಏ, ಬೇಡ,” ಅಂದರು ಗಂಡ. ಅತ್ತೆಯ ಮುಖ ನೋಡಿ ಕೈ ಹಿಂದೆ ತಗೊಂಡೆ. ಹಣೆಗೆ ಹಚ್ಚಿದ ಗಂಧ ಒಂದು ಗಂಟೆಯಲ್ಲಿ ಒಣಗಿ ಹೇಗೆ ಬಿಗಿಯುತ್ತದೆ ಅನ್ನುವುದನ್ನು ನೆನೆದು ಊಟ ಸೇರಲಿಲ್ಲ.

ತಂಗಿಗೆ ಫೋನ್ ಮಾಡಿದೆ. ಶಾಲೆಗೆ ದಸರಾ ರಜ, ಅವಳು ಗಂಡ ಮಕ್ಕಳ ಜೊತೆ ಮೈಸೂರಿನಲ್ಲಿದ್ದಳು. ಮನೆಗೆ ಬೀಗ, ಲ್ಯಾಬಿಗೂ ಬೀಗ.

“ಡಿಸ್ಕಿಗೆ ಗಂಧನಾ? ಯಾವ್ ಸೈಡಿಗೆ?” ಅಂದಳು. ಹೇಳಿದೆ. ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಅಳುವ ಹಾಗಿದ್ದೇನೆ ಎಂದು ಗೊತ್ತಾದ ಮೇಲೆ ಗಂಭೀರವಾದಳು. “ಗಾಬರಿ ಆಗ್ಬೇಡ ಅಕ್ಕ. ನೀರಲ್ಲಿ ನೆನೆಸಿ ಗಂಧ ಬಿಡ್ಸು. ಮೆತ್ತಗಿರೋ ಬಟ್ಟೇಲಿ ಮಧ್ಯದಿಂದ ಅಂಚಿನ ಕಡೆಗೆ ಒರೆಸು. ಗುಂಡಗೆ ಮಾತ್ರ ಉಜ್ಜಬೇಡ, ಗೆರೆ ಬಿದ್ರೆ ಓದಲ್ಲ.”

ಮಹಡಿಯ ಹುಡುಗಿ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಗಂಡನ ಆಫೀಸ್ ಲ್ಯಾಪ್‌ಟಾಪ್ ಕೇಳಿದೆ. “ಅದು ಬ್ಯಾಂಕಿಂದು. ಅದ್ರಲ್ಲಿ ಬೇರೇದು ಏನೂ ತೆಗೆಯಕ್ಕಾಗಲ್ಲ,” ಅಂದರು. ಅದು ನಿಜವೇ ಇರಬೇಕು. ನನಗೆ ಅವತ್ತು ನಿಜ ಕೇಳುವ ಮನಸ್ಸಿರಲಿಲ್ಲ.

ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಹಳೆಯ ಮಲ್ ಬಟ್ಟೆ ಹಿಡಿದು ದೇವರ ಕೋಣೆಗೆ ಹೋದೆ. ಅತ್ತೆ ನನಗಿಂತ ಬೇಗ ಎದ್ದಿದ್ದರು. ಕದಲಿಸಿ ಆಗಿತ್ತು. ಮಣೆಯ ಮೇಲೆ ಡಿಸ್ಕ್ ಇರಲಿಲ್ಲ.

“ತಗೋ,” ಎಂದು ಬಚ್ಚಲಿನ ಕಡೆಯಿಂದ ಬಂದರು. ಸೆರಗಿನಲ್ಲಿ ಡಿಸ್ಕ್ ಹಿಡಿದಿದ್ದರು. “ಗಂಧ ಬಿಡ್ಲೇ ಇಲ್ಲ. ದೇವರ ಪಾತ್ರೆ ಪುಡಿ ಹಾಕಿ ಉಜ್ಜಿದೆ. ನೋಡು ಹೆಂಗೆ ಫಳಫಳ ಅಂತಿದೆ.”

ಫಳಫಳ ಅನ್ನುತ್ತಿತ್ತು. ಬೆಳಕಿಗೆ ಹಿಡಿದರೆ ಮೈತುಂಬ ಗುಂಡಗುಂಡಗೆ ಗೆರೆ, ದೀಪಾಲೆ ಕಂಬ ಉಜ್ಜಿದ ಹಾಗೆ. ಆದರೂ ಆಸೆ. ಟ್ರೇಗೆ ಹಾಕಿ ಸ್ವಿಚ್ ಒತ್ತಿದೆ. ಗರ್ ಅಂತು. ಬಣ್ಣದ ಪರದೆ ಬಂತು, ಎರಡನೆಯದನ್ನು ಒತ್ತಿದೆ. ಡ್ರೈವ್ ಒಂದೇ ಕಡೆ ಮತ್ತೆ ಮತ್ತೆ ಎಳೆದಾಡಿತು. ಆಮೇಲೆ ಪರದೆ ಕಪ್ಪಾಗಿ ಓದಲಾಗುತ್ತಿಲ್ಲ, ಓದಲಾಗುತ್ತಿಲ್ಲ ಎಂದು ಸಾಲಿನ ಮೇಲೆ ಸಾಲು ಬಂದವು. ಆಫ್ ಮಾಡಿ, ತೆಗೆದು, ಒರೆಸಿ, ಮತ್ತೆ ಹಾಕಿದೆ. ಮತ್ತೆ ಅದೇ. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಕ್ಲಾಸಿನ ಹೊತ್ತಾಯಿತು. ಫೋನನ್ನು ಕುಕ್ಕರಿಗೆ ಒರಗಿಸಿ ಊಟದ ಮೇಜಿನ ಮುಂದೆ ಕೂತೆ. ಸಣ್ಣ ಪರದೆಯಲ್ಲಿ ಹೊಸ ಮುಖಗಳೆಲ್ಲ ಅಂಚೆಚೀಟಿಯ ಹಾಗೆ ಕಾಣುತ್ತಿದ್ದವು. ಬಣ್ಣದ ಪಾಠವೆಲ್ಲ ಪೆನ್ ಡ್ರೈವಿನಲ್ಲಿ. ಏನು ಕಲಿಸಲಿ? ಕೈಗೆ ಸಿಕ್ಕಿದ್ದನ್ನು ಎತ್ತಿ ತೋರಿಸಿದೆ. ಇದು ಲೋಟ. ಇದು ಸೌಟು. ಇದು ನಿನ್ನೆಯ ಆಂಬೊಡೆ, ಇದನ್ನು ಇವತ್ತೂ ತಿನ್ನಬಹುದು. ಲೋಟ ಎಲ್ಲಿದೆ? ಲೋಟ ಮೇಜಿನ ಮೇಲೆ ಇದೆ. ಇಬ್ಬರು ಮಧ್ಯದಲ್ಲೇ ಬಿಟ್ಟುಹೋದರು, ಮತ್ತೆ ಬರಲಿಲ್ಲ. ಉಳಿದವರು ಉಳಿದರು. ಆ ಬ್ಯಾಚು ಮುಗಿದು ಅದರ ಬೆನ್ನಿಗೆ ಇನ್ನೊಂದು ಬ್ಯಾಚೂ ಆಗಿದೆ. ಹೊಸ ಕಂಪ್ಯೂಟರ್ ದೀಪಾವಳಿಗೆ ಬಂತು, ಅದರಲ್ಲಿ ಡಿಸ್ಕ್ ಹಾಕುವ ಟ್ರೇ ಕೂಡ ಇಲ್ಲ. ಆದರೆ ಅವತ್ತು ಬೆಳಿಗ್ಗೆ ಫೋನ್ ಆಫ್ ಮಾಡಿದಾಗ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಬ್ಯಾಚು ಕೈಬಿಟ್ಟುಹೋಯಿತು ಅಂತಲೇ ಅಂದುಕೊಂಡಿದ್ದೆ. ತಡೆದುಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

ಅತ್ತೆ ಹಾಲಿನಲ್ಲಿ ಕೂತು ಸಂಜೆ ಹಂಚಲು ಬನ್ನಿ ಎಲೆ ಬಿಡಿಸುತ್ತಿದ್ದರು. ಡಿಸ್ಕ್ ಹಿಡಿದು ಅವರ ಮುಂದೆ ಹೋಗಿ ನಿಂತೆ.

“ಪೂಜೆ ಮಾಡೋದಾದ್ರೆ ಡಬ್ಬಕ್ಕೆ ಮಾಡಿತ್ತಲ್ಲ ಅತ್ತೆ. ನಿಮ್ಮ ಮಗ ಹೂವೂ ಇಟ್ಟಿದ್ರು. ಡ್ರಾಯರ್‌ನಲ್ಲಿದ್ದ ಇದನ್ನ ಯಾಕೆ ತೆಗೆದ್ರಿ ನೀವು?”

ನಾನು ಅವರ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು ಇರಬೇಕು. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಡಬ್ಬ ಅವನದು. ಅವನು ತಂದಿದ್ದು, ಅವನು ಹೂವಿಟ್ಟ. ಇದು ನಿಂದು. ನೀನೇ ಹೇಳಿದ್ಯಲ್ಲ, ಇದಿದ್ರೇನೇ ನನ್ನ ಕ್ಲಾಸು ಅಂತ. ಹಾಳಾಯ್ತಾ?”

“ಹೂಂ. ಹಾಳಾಯ್ತು.”

“ನಂಗೆ ಗೊತ್ತಾಗ್ಲಿಲ್ಲ,” ಅಂದರು. ಅಷ್ಟಕ್ಕೇ ಬಿಡಬಹುದಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇಷ್ಟು ವರ್ಷ ನನ್ನದು ಏನನ್ನೂ ಇಟ್ಟಿರ್ಲಿಲ್ಲ ನೀವು. ಈ ವರ್ಷ ಯಾಕೆ?”

“ಇಷ್ಟು ವರ್ಷ ನಿಂದು ಅಂತ ಏನಿತ್ತು?”

ಅದು ಚುಚ್ಚಿತು. ತಿರುಗಿಸಿ ಚುಚ್ಚುವುದಕ್ಕೇ ಕೇಳಿದೆ. “ಅಲ್ಲಿ ನಿಮ್ಮದು ಯಾವುದಿತ್ತು ಅತ್ತೆ? ಈಳಿಗೆಮಣೆನಾ?”

“ಅದು ಮನೇದು ಕಣೆ.”

ಕೈಯಲ್ಲಿದ್ದ ಎಲೆಯನ್ನು ತಟ್ಟೆಯಲ್ಲಿಟ್ಟು ನನ್ನನ್ನು ನೋಡಿದರು.

“ಮದುವೆ ಆದ ವರ್ಷ ಆಯುಧಪೂಜೆ ದಿನ ನಮ್ಮತ್ತೆ ಕರೆದು, ನಿಂದೇನಾದ್ರೂ ಇದ್ರೆ ತಂದಿಡು ಅಂದ್ರು. ಎಷ್ಟು ಖುಷಿ ಆಯ್ತು ಗೊತ್ತಾ. ಕೋಣೆಗೆ ಓಡಿಹೋಗಿ ಟ್ರಂಕ್ ತೆಗೆದು ಹುಡುಕ್ದೆ. ಸೀರೆ ಇತ್ತು, ಬಾಚಣಿಗೆ ಇತ್ತು, ಬಳೆ ಇತ್ತು. ನಾನು ಕೆಲಸ ಮಾಡೋದು ಅಂತ ಇಡಕ್ಕೆ ಒಂದೂ ಸಿಗ್ಲಿಲ್ಲ. ಬರಿಗೈಲಿ ಆಚೆ ಬಂದು ನಿಂತ್ಕೊಂಡೆ. ಮಾರನೇ ವರ್ಷದಿಂದ ಅವ್ರೂ ಕೇಳ್ಲಿಲ್ಲ.”